ಪಮುಕ್ಕಲೆಯ ಕೊಳಗಳು ಒಣಗಿದ್ದೇಕೆ?

ಮೈಸೂರಿನ ಓದುಗರೊಬ್ಬರು ಮನೆಯವರ ಜೊತೆ ಟರ್ಕಿಗೆ ಹೋಗಿಬಂದು ಬರೆದಿದ್ದಾರೆ: "ಪಮುಕ್ಕಲೆಯ ಬಿಳಿ ಬೆಟ್ಟ ನೋಡಲೆಂದೇ ಅಷ್ಟು ದೂರ ಹೋದೆವು. ಫೋಟೋದಲ್ಲಿ ಕಾಣುವ ನೀಲಿ ಕೊಳಗಳು ಜಾಸ್ತಿ ಒಣಗಿದ್ದವು. ಮೇಲೆ ಚಪ್ಪಲಿ ಬೇರೆ ಬಿಚ್ಚಿಸಿದರು. ಅಮ್ಮನಿಗೆ ನಡೆಯೋದೇ ಕಷ್ಟವಾಯಿತು. ಇದು ಮೋಸ ಅಲ್ವಾ?"

ನಿಮ್ಮ ಬೇಜಾರು ಅರ್ಥವಾಗುತ್ತದೆ. ಆದರೆ ಮೋಸ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೆಟ್ಟ ಬಿಳಿಯಾಗಿ ಉಳಿಯಲಿ ಎಂದೇ ಆ ಕೊಳಗಳನ್ನು ಒಣಗಲು ಬಿಡುತ್ತಾರೆ.

ಅಲ್ಲಿ ನೆಲದ ಬಿರುಕುಗಳಿಂದ ಸುಮಾರು 35 ಡಿಗ್ರಿ ಬಿಸಿಯ ನೀರು ಉಕ್ಕುತ್ತದೆ. ಅದರಲ್ಲಿ ಸುಣ್ಣದ ಅಂಶವೂ ಕಾರ್ಬನ್ ಡೈಆಕ್ಸೈಡ್ ಕೂಡ ಕರಗಿರುತ್ತವೆ. ಹೊರಗೆ ಬಂದೊಡನೆ ಅನಿಲ ಹಾರಿಹೋಗುತ್ತದೆ, ಸುಣ್ಣ ತಳಕ್ಕೆ ಕೂರುತ್ತದೆ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಹಾಗೆ. ಮೊದಲಿಗೆ ಅದು ಲೋಳೆಲೋಳೆಯಾಗಿ ಮೆತ್ತಗಿರುತ್ತದೆ. ಕಲ್ಲಾಗುವುದು ಆಮೇಲೆ. ಅಂಥ ಪದರದ ಮೇಲೆ ದಿನವಿಡೀ ಶೂಗಳು ಓಡಾಡಿದರೆ ಏನು ಉಳಿದೀತು? ಇನ್ನು ನೀರು ಸದಾ ನಿಂತೇ ಇದ್ದರೆ ಪಾಚಿ ಕಟ್ಟಿ ಬಿಳಿಯೆಲ್ಲ ಹಸಿರಾಗುತ್ತದೆ. ಅದಕ್ಕೇ ಸರದಿಯ ಮೇಲೆ ಒಂದೊಂದು ಕಡೆಗೆ ನೀರು ಬಿಡುತ್ತಾರೆ. ಉಳಿದ ಕಡೆ ಬಿಸಿಲಿಗೆ ಒಣಗುತ್ತದೆ.

ಹಿಂದೆ ಆ ಬೆಟ್ಟದ ನೆತ್ತಿಯ ಮೇಲೇ ಹೋಟೆಲುಗಳಿದ್ದವು. ಬಿಸಿನೀರನ್ನು ತಮ್ಮ ಈಜುಕೊಳಗಳಿಗೆ ಎಳೆದುಕೊಳ್ಳುತ್ತಿದ್ದವು. ಬಿಳಿ ಇಳಿಜಾರಿನ ಮೇಲೆ ವಾಹನಗಳಿಗೆ ರಸ್ತೆಯನ್ನೂ ಮಾಡಿದ್ದರು. ಬೆಟ್ಟದ ಬಣ್ಣ ಕೆಟ್ಟಿತು. 1988ರಲ್ಲಿ ಈ ಜಾಗ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆಮೇಲೆ ಹೋಟೆಲುಗಳನ್ನು ಕೆಡವಿದರು, ರಸ್ತೆ ಮುಚ್ಚಿ ಅಲ್ಲಿ ಕೊಳಗಳನ್ನು ಕಟ್ಟಿದರು. ನೀವು ಬರಿಗಾಲಲ್ಲಿ ನಡೆದದ್ದು ಅದೇ ದಾರಿಯಲ್ಲಿ. ಕೈಗೆ ಬರುತ್ತಿದ್ದ ದುಡ್ಡು ಬಿಟ್ಟು ಬೆಟ್ಟ ಉಳಿಸಿಕೊಂಡರಲ್ಲ, ನನಗೆ ಅದು ದೊಡ್ಡ ಕೆಲಸವಾಗಿ ಕಾಣುತ್ತದೆ.

ನಿಮ್ಮ ಪತ್ರದಲ್ಲಿ ಮೇಲಿನ ಪಾಳುನಗರ ಹಿಯರಾಪೊಲಿಸ್ ಬಗ್ಗೆ ಒಂದು ಸಾಲೂ ಇಲ್ಲ. ಕೊಳಗಳ ಬೇಜಾರಿನಲ್ಲಿ ಅದನ್ನು ನೋಡದೇ ಬಂದಿದ್ದರೆ ನಿಜಕ್ಕೂ ನಷ್ಟ. ಅಲ್ಲೊಂದು ಗುಹೆಯಿದೆ. ನೆಲದಿಂದ ಬರುವ ಕಾರ್ಬನ್ ಡೈಆಕ್ಸೈಡ್ ಅಲ್ಲಿ ತಳದಲ್ಲೇ ತುಂಬಿಕೊಳ್ಳುತ್ತದೆ. ಸುಮಾರು 2000 ವರ್ಷಗಳ ಹಿಂದೆ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಅದರೊಳಗೆ ಗುಬ್ಬಚ್ಚಿಗಳನ್ನು ಬಿಟ್ಟು ನೋಡಿದ. ಬಿಟ್ಟ ಕ್ಷಣವೇ ಸತ್ತು ಬಿದ್ದವು ಎಂದು ಬರೆದಿಟ್ಟಿದ್ದಾನೆ. ಬಲಿಗೆ ತಂದ ಹೋರಿಗಳೂ ಅಲ್ಲಿ ಸಾಯುತ್ತಿದ್ದವು. ಪೂಜಾರಿಗಳು ಮಾತ್ರ ಉಸಿರು ಬಿಗಿಹಿಡಿದು ಹೋಗಿ ಜೀವಂತ ಬರುತ್ತಿದ್ದರಂತೆ. ಜನ ಅದನ್ನು ಪಾತಾಳದ ಬಾಗಿಲೆಂದೇ ನಂಬಿದ್ದರು.

ಅಮ್ಮನಂಥ ಹಿರಿಯರಿದ್ದರೆ ದಕ್ಷಿಣದ ಗೇಟಿನಿಂದ ಹೋಗುವುದು ಒಳ್ಳೆಯದು. ಅದು ಮೇಲೇ ಇರುವುದರಿಂದ ಏರು ಹತ್ತಬೇಕಿಲ್ಲ. ಪಾಳುನಗರವನ್ನು ಚಪ್ಪಲಿ ಹಾಕಿಕೊಂಡೇ ಸುತ್ತಬಹುದು. ಇದನ್ನೆಲ್ಲ ನಿಮ್ಮ ಟೂರಿನವರು ಹೊರಡುವ ಮೊದಲೇ ಹೇಳಬೇಕಿತ್ತು. ಆ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ.

– ಸಂಪಾದಕ