ಬ್ರುಸೆಲ್ಲೋಸಿಸ್ ಬಂದರೆ ಲಿವರ್ ಹಾಳಾಗುತ್ತಾ? ಮಾತ್ರೆ ನಿಲ್ಲಿಸಿ ನಾಟಿ ಔಷಧಿ ಕೊಡಿಸಬಹುದಾ?

ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ.

ಅಪ್ಪನಿಗೆ ಬ್ರುಸೆಲ್ಲೋಸಿಸ್ (ದನಗಳಿಂದ ಮನುಷ್ಯರಿಗೆ ಬರುವ ಸೋಂಕು) ಅಂತ ಗೊತ್ತಾಗಿದೆ, ಲಿವರ್‌ಗೆ ಮಾಡುವ ರಕ್ತ ಪರೀಕ್ಷೆಯಲ್ಲಿ ಎಸ್‌ಜಿಪಿಟಿ ಜಾಸ್ತಿ ಇದೆ, ಮಾತ್ರೆ ಶುರು ಮಾಡಿದ ಮೇಲೆ ಮೂತ್ರ ಕೆಂಪಗೆ ಹೋಗುತ್ತಿದೆ, ಲಿವರ್‌ಗೆ ನಾಟಿ ಔಷಧಿ ಕೊಡಿಸೋಣ ಅಂತ ಮನೆಯವರು ಹೇಳುತ್ತಿದ್ದಾರೆ ಅಂತ ಬರೆದಿದ್ದೀರಿ. ಇದೇ ಮಾತು, ಇದೇ ಭಯ ನಮ್ಮ ಮನೆಯಲ್ಲೂ ಇತ್ತು. ರೋಗಿ ನಾನೇ.

ನಮ್ಮದು ಮಳವಳ್ಳಿ ತಾಲ್ಲೂಕು. ಸ್ವಲ್ಪ ಕಬ್ಬು, ಒಂದೆರಡು ಸೀಮೆ ಹಸು, ಹಾಲು ಡೈರಿಗೆ. ಅದರಲ್ಲಿ ಒಂದು ಹಸು ಎಂಟು ತಿಂಗಳ ಗಬ್ಬದಲ್ಲಿ ಕಂದು ಹಾಕಿತು. ಕಸವೂ (ಮಾಸು) ಬೀಳಲಿಲ್ಲ. ಸಂಜೆವರೆಗೂ ಕಾದು ನಾನೇ ಕೈ ಹಾಕಿ ತೆಗೆದೆ. ಆಗ ಕಬ್ಬು ಕಡಿಯುವ ಸಮಯ, ಮೊಣಕೈವರೆಗೂ ಸೋಗೆ ಕೊಯ್ದ ಗೀರುಗಳು. ಬರಿಗೈ. ಆಮೇಲೆ ಸೋಪು ಹಾಕಿ ತೊಳೆದುಕೊಂಡು ಊಟಕ್ಕೆ ಕೂತೆ. ರೋಗ ಮೈಗೆ ಹೊಕ್ಕಿದ್ದು ಆ ಗೀರುಗಳಿಂದಲೇ ಇರಬೇಕು ಅಂತ ಡಾಕ್ಟರ್ ಆಮೇಲೆ ಹೇಳಿದರು. ಹಸಿ ಹಾಲಿನಿಂದಲೂ ಬರುತ್ತೆ. ಆದರೆ ನಾವು ಕಾಯಿಸದೆ ಹಾಲು ಕುಡಿಯುವವರಲ್ಲ.

ಕೆಲವು ವಾರ ಕಳೆದ ಮೇಲೆ ಜ್ವರ ಶುರುವಾಯಿತು. ಬೆಳಗ್ಗೆ ಚೆನ್ನಾಗಿರುತ್ತಿದ್ದೆ, ಸಂಜೆ ಚಳಿ, ರಾತ್ರಿ ದಿಂಬು ನೆನೆಯುವಷ್ಟು ಬೆವರು. ಸೊಂಟ ಹಿಡಿದುಕೊಳ್ಳುತ್ತಿತ್ತು. ವೈಡಾಲ್ ಟೆಸ್ಟ್ ನೋಡಿ ಟೈಫಾಯ್ಡ್ ಅಂದರು. ಅದರ ಔಷಧಿಗೆ ಜ್ವರ ಇಳಿಯಿತು, ಮತ್ತೆ ಬಂತು. ಸ್ಕ್ಯಾನ್ ಮಾಡಿಸಿದರೆ ಲಿವರ್ ಮತ್ತು ಗುಲ್ಮ ಎರಡೂ ಸ್ವಲ್ಪ ದೊಡ್ಡದಾಗಿದ್ದವು, ಎಸ್‌ಜಿಪಿಟಿ ಏರಿತ್ತು. ಅಲ್ಲಿಂದ ಮನೆಯವರಿಗೆಲ್ಲ ಲಿವರ್ ಒಂದೇ ಕಣ್ಣಿಗೆ ಬಿತ್ತು. ಕುಡಿಯದವನಿಗೆ ಲಿವರ್ ಹೇಗೆ ಕೆಟ್ಟಿತು ಅಂತ ಬಂದವರೆಲ್ಲ ಕೇಳುವವರೇ.

ಕೊನೆಗೆ ಮೈಸೂರಿಗೆ ಹೋದೆವು. ಅಲ್ಲಿನ ಡಾಕ್ಟರ್ ರಿಪೋರ್ಟ್ ಪಕ್ಕಕ್ಕಿಟ್ಟು ಮೊದಲು ಕೇಳಿದ್ದು, 'ಮನೇಲಿ ದನ ಇದಾವಾ? ಯಾವುದಾದ್ರೂ ಕಂದು ಹಾಕಿತ್ತಾ?' ಅಂತ. ರಕ್ತಕ್ಕೆ ರೋಸ್ ಬೆಂಗಾಲ್ ಟೆಸ್ಟ್, ಅದು ಪಾಸಿಟಿವ್ ಬಂದ ಮೇಲೆ ಇನ್ನೊಂದು ಟೆಸ್ಟ್ ಮಾಡಿಸಿ ಬ್ರುಸೆಲ್ಲೋಸಿಸ್ ಅಂತ ಖಚಿತ ಮಾಡಿದರು. ನಮ್ಮ ಪಶು ಆಸ್ಪತ್ರೆಯವರು ಕಂದು ರೋಗ ಅಂತಾರಲ್ಲ, ಅದೇ.

ಲಿವರ್ ವಿಚಾರ ಅವರು ಹೇಳಿದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ. ಈ ಬ್ಯಾಕ್ಟೀರಿಯಾವನ್ನು ನಮ್ಮ ರಕ್ಷಣಾ ಕಣಗಳು ನುಂಗುತ್ತವೆ, ಆದರೆ ಕೊಲ್ಲಲು ಆಗುವುದಿಲ್ಲ. ಅದು ಆ ಕಣದ ಒಳಗೇ ಉಳಿದು ಬೆಳೆಯುತ್ತದೆ. ಅಂಥ ಕಣಗಳು ಲಿವರ್, ಗುಲ್ಮ, ಮೂಳೆಯ ಮಜ್ಜೆಯಲ್ಲಿ ಜಾಸ್ತಿ ಇರುತ್ತವೆ. ಅದಕ್ಕೇ ಕಾಯಿಲೆ ಅಲ್ಲೇ ಠಿಕಾಣಿ ಹೂಡುತ್ತದೆ. ಲಿವರ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಗಂಟುಗಳಾಗಬಹುದು, ಊತ ಬರಬಹುದು. ರಕ್ತ ಪರೀಕ್ಷೆಯಲ್ಲಿ ಲಿವರ್‌ನ ಸ್ಥಿತಿ ತೋರಿಸುವ ಎಸ್‌ಜಿಒಟಿ, ಎಸ್‌ಜಿಪಿಟಿ, ಆಲ್ಕಲೈನ್ ಫಾಸ್ಫಟೇಸ್ ಏರುತ್ತವೆ, ಹೆಚ್ಚಿನವರಲ್ಲಿ ಸ್ವಲ್ಪವೇ. ಕಣ್ಣು ಹಳದಿಯಾಗುವ ಕಾಮಾಲೆ ಅಪರೂಪ. ಕೀವು ಕಟ್ಟುವುದು ಇನ್ನೂ ಅಪರೂಪ. ರೋಗಕ್ಕೆ ಸರಿಯಾದ ಔಷಧಿ ಬಿದ್ದರೆ ಸಾಮಾನ್ಯವಾಗಿ ಲಿವರ್ ತಾನಾಗೇ ಮೊದಲಿನಂತಾಗುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆ ಕೇಳುವ ರೀತಿಯನ್ನೇ ನಾನು ಒಪ್ಪುವುದಿಲ್ಲ. 'ಲಿವರ್‌ಗೆ ಏನು ಕೊಡಿಸಲಿ' ಅಂತ ಕೇಳುತ್ತಿದ್ದೀರಿ. ನಿಮ್ಮ ತಂದೆಯವರಿಗೆ ಬಂದಿರುವುದು ಲಿವರ್ ಕಾಯಿಲೆ ಅಲ್ಲ. ಇಡೀ ಮೈಗೆ ಬಂದಿರುವ ಸೋಂಕು ಲಿವರ್‌ನಲ್ಲೂ ಕಾಣಿಸಿಕೊಂಡಿದೆ, ಅಷ್ಟೆ.

ಈಗ ನಾನು ಮಾಡಿದ ತಪ್ಪು. ಉದ್ದವಾದರೂ ಬೇಜಾರು ಮಾಡಿಕೊಳ್ಳದೆ ಓದಿ, ನೀವು ಈಗ ನಿಂತಿರುವುದು ಅದೇ ಜಾಗದಲ್ಲಿ.

ನನಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಜೊತೆಗೆ ಬೆಳಗ್ಗೆ ಖಾಲಿ ಹೊಟ್ಟೆಗೆ ರಿಫಾಂಪಿಸಿನ್ ಕೊಟ್ಟರು. 6 ವಾರ ಬಿಡದೆ ತಗೋಬೇಕು ಅಂದರು. ಆ ಕೆಂಪು ಕ್ಯಾಪ್ಸೂಲ್ ಇದೆಯಲ್ಲ, ರಿಫಾಂಪಿಸಿನ್, ಅದನ್ನು ನುಂಗಿದರೆ ಮೂತ್ರ ಕಿತ್ತಳೆ ಕೆಂಪಾಗುತ್ತದೆ. ಬೆವರು, ಕಣ್ಣೀರಿಗೂ ಬಣ್ಣ ಬರುತ್ತದೆ. ನನ್ನ ಬಿಳಿ ಬನಿಯನ್ ಕಂಕುಳಲ್ಲಿ ಕಿತ್ತಳೆ ಕಲೆ ಹಿಡಿದಿತ್ತು, ನೀಲಿ ಹಾಕಿದರೂ ಹೋಗಲಿಲ್ಲ. ಬಣ್ಣ ಬದಲಾಗುತ್ತೆ ಅಂತ ಡಾಕ್ಟರ್ ಹೇಳಿದ್ದರು. ನಾನು ಮರೆತೆ, ಮನೆಯಲ್ಲೂ ಹೇಳಲಿಲ್ಲ. ಬನಿಯನ್ ನೋಡಿದ ಅತ್ತೆ 'ಇದು ಕಾಮಾಲೆನೇ, ಮಾತ್ರೆ ಉಷ್ಣಕ್ಕೆ ಲಿವರ್ ಸುಟ್ಟು ಹೋಗ್ತಾ ಇದೆ' ಅಂದರು. ಜ್ವರ ಆಗಲೇ ಬಿಟ್ಟಿತ್ತು, ಊಟ ಸೇರುತ್ತಿತ್ತು. ಜ್ವರವೇ ಇಲ್ಲ ಅಂದಮೇಲೆ ಮಾತ್ರೆ ಯಾಕೆ ಅಂತ ನನಗೂ ಅನ್ನಿಸಿತು. ಒಂದು ಫೋನ್ ಮಾಡಿ ಕೇಳಲಿಲ್ಲ. ಕೋರ್ಸ್ ಅರ್ಧಕ್ಕೇ ಬಿಟ್ಟು, ಕಿರುನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಯಲು ಶುರು ಮಾಡಿದೆ.

ಮೂತ್ರದ ಬಣ್ಣ ಬೇಗನೇ ತಿಳಿಯಾಯಿತು. ಆಗಲೇಬೇಕಲ್ವಾ, ಬಣ್ಣ ಕೊಡುತ್ತಿದ್ದ ಮಾತ್ರೆಯೇ ನಿಂತಿತ್ತು. ನಾವು ಕಿರುನೆಲ್ಲಿಯಿಂದ ಗುಣವಾಯಿತು ಅಂದುಕೊಂಡೆವು. ಊರಲ್ಲಿ ನಾಲ್ಕು ಜನಕ್ಕೂ ಹೇಳಿದೆ. ಕಣದೊಳಗೆ ಅಡಗಿದ್ದ ಬ್ಯಾಕ್ಟೀರಿಯಾ ಮಾತ್ರ ಹಾಗೇ ಇತ್ತು. ಅದನ್ನು ಪೂರ್ತಿ ತೆಗೆಯುವುದಕ್ಕೇ ಎರಡು ಔಷಧಿ, ಅಷ್ಟು ವಾರ. ಜ್ವರ ಇಳಿಯುವುದಕ್ಕೂ ರೋಗ ಹೋಗುವುದಕ್ಕೂ ಎಷ್ಟೋ ದಿನಗಳ ಅಂತರ ಇದೆ. ನನಗೆ ಗೊತ್ತಾಗದೆ ಹೋಗಿದ್ದು ಅದೊಂದೇ.

ಕೆಲವು ತಿಂಗಳಲ್ಲಿ ಜ್ವರ ತಿರುಗಿ ಬಂತು. ಈ ಸಲ ಬೆನ್ನುಮೂಳೆಗೆ ಇಳಿದಿತ್ತು. ಮಗ್ಗುಲು ಬದಲಿಸಬೇಕಾದರೂ ಹೆಂಡತಿ ಕೈ ಕೊಡಬೇಕಿತ್ತು. ಮತ್ತೆ ಅದೇ ಮಾತ್ರೆಗಳು, ಜೊತೆಗೆ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, 6 ವಾರದ ಬದಲು 3 ತಿಂಗಳಿಗೂ ಮೀರಿ. ಆ ವರ್ಷ ಕಬ್ಬು ಬೇರೆಯವರ ಕೈಲಿ ಕಡಿಸಿದೆವು, ಹಾಲು ಕರೆಯುವುದು ಪೂರ್ತಿ ಹೆಂಡತಿಯ ತಲೆ ಮೇಲೆ ಬಿತ್ತು. ಲಿವರ್‌ಗೆ ಅಂತ ಹೆದರಿ ಮಾತ್ರೆ ಬಿಟ್ಟಿದ್ದಕ್ಕೆ ಸೊಂಟವೇ ಹೋಯಿತು. ಇವತ್ತಿಗೂ ಬಗ್ಗಿ ಮೂಟೆ ಎತ್ತಲು ಆಗುವುದಿಲ್ಲ. ಎಸ್‌ಜಿಪಿಟಿ? ಎರಡನೇ ಸಲ ಕೋರ್ಸ್ ಮುಗಿಯುವ ಹೊತ್ತಿಗೆ ನಾರ್ಮಲ್ ಆಗಿತ್ತು.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ರಿಫಾಂಪಿಸಿನ್ ಲಿವರ್‌ಗೆ ತೊಂದರೆ ಕೊಡುವುದೂ ಉಂಟು, ಅದು ಸುಳ್ಳಲ್ಲ. ಅದಕ್ಕೇ ನಡುನಡುವೆ ರಕ್ತ ಪರೀಕ್ಷೆ ಮಾಡಿಸುವುದು. ಟಿಬಿಗೆ ಇದೇ ಮಾತ್ರೆ ಕೊಡುವಾಗ ಡಾಕ್ಟರ್‌ಗಳು ಒಂದು ಲೆಕ್ಕ ಇಟ್ಟುಕೊಳ್ಳುತ್ತಾರೆ: ವಾಂತಿ, ಕಾಮಾಲೆ ಥರದ ತೊಂದರೆ ಇದ್ದು ಎಸ್‌ಜಿಪಿಟಿ ನಾರ್ಮಲ್‌ನ 3 ಪಟ್ಟು ದಾಟಿದರೆ, ತೊಂದರೆ ಏನೂ ಇಲ್ಲದಿದ್ದರೆ 5 ಪಟ್ಟು ದಾಟಿದರೆ ನಿಲ್ಲಿಸುತ್ತಾರೆ. ನಾರ್ಮಲ್‌ನ ಮೇಲಿನ ಮಿತಿ ಸುಮಾರು 40. ನಿಲ್ಲಿಸಿದರೂ ಸುಮ್ನೆ ಬಿಡುವುದಿಲ್ಲ, ಬೇರೆ ಔಷಧಿ ಕೊಡುತ್ತಾರೆ. ಅದನ್ನು ತೀರ್ಮಾನಿಸುವುದು ಅವರ ಕೆಲಸ, ಮೂತ್ರದ ಬಣ್ಣ ನೋಡಿ ನಾವಲ್ಲ. ನೀವು ಹಗಲು ಬೆಳಕಲ್ಲಿ ತಂದೆಯವರ ಕಣ್ಣಿನ ಬಿಳಿ ಭಾಗ ನೋಡಿ. ಅದು ಹಳದಿಯಾಗಿದ್ದರೆ, ವಾಂತಿ ನಿಲ್ಲದಿದ್ದರೆ, ಊಟ ಪೂರ್ತಿ ಬಿಟ್ಟರೆ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಮುಂದಿನ ಮಾತ್ರೆ ಕೊಡುವ ಮೊದಲೇ ಕೇಳಿ. ಸೊಪ್ಪು, ಬೇರು, ಕಷಾಯ ಯಾವುದೂ ಈಗ ಬೇಡ. ಎಸ್‌ಜಿಪಿಟಿ ಏರಿದರೆ ಮಾತ್ರೆಯಿಂದಲೋ ಕಷಾಯದಿಂದಲೋ ಅಂತ ಡಾಕ್ಟರ್‌ಗೂ ತಿಳಿಯುವುದಿಲ್ಲ. ಹೆಂಡ, ಬ್ರಾಂಡಿ ಮುಟ್ಟಲೇಬಾರದು. ಇನ್ನೊಂದು, ಡಾಕ್ಸಿಸೈಕ್ಲಿನನ್ನು ಹಾಲಿನ ಜೊತೆ ಕೊಡಬೇಡಿ, ನೀರಲ್ಲೇ ಕೊಡಿ. ನುಂಗಿದ ತಕ್ಷಣ ಮಲಗಬಾರದು.

ಹಸು ಮಾರಿಬಿಡಲಾ ಅಂತಲೂ ಕೇಳಿದ್ದೀರಿ. ಪರೀಕ್ಷೆ ಮಾಡಿಸದೆ ಮಾರಬೇಡಿ. ಆ ರೋಗ ಸಂತೆಯಿಂದ ಇನ್ನೊಬ್ಬರ ಕೊಟ್ಟಿಗೆಗೆ ಹೋಗುತ್ತದೆ, ಅಲ್ಲೂ ಯಾರೋ ಬರಿಗೈಯಲ್ಲಿ ಕಸ ತೆಗೆಯುತ್ತಾರೆ. ಪಶು ವೈದ್ಯರನ್ನು ಕರೆಸಿ ರಕ್ತ ಕೊಡಿ. ಹೆಣ್ಣು ಕರು ಇದ್ದರೆ 4ರಿಂದ 8 ತಿಂಗಳ ಒಳಗೆ ಕಂದು ರೋಗದ ಲಸಿಕೆ ಹಾಕಿಸಿ. 2019ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆ ಇದೂ ಸೇರಿದೆ. ತಂದೆಯವರ ಜೊತೆ ಕೊಟ್ಟಿಗೆಯಲ್ಲಿ ಕೆಲಸ ಮಾಡಿದವರಿಗೆ, ಮುಖ್ಯವಾಗಿ ನಿಮ್ಮ ತಾಯಿಯವರಿಗೆ, ಸಂಜೆ ಜ್ವರ ಬರುತ್ತಿದ್ದರೆ ಅವರ ರಕ್ತವನ್ನೂ ಪರೀಕ್ಷೆ ಮಾಡಿಸಿ.

ಎಸ್‌ಜಿಪಿಟಿ ಎಷ್ಟು ಅಂತ ನೀವು ಬರೆದಿಲ್ಲ. ಆ ರಿಪೋರ್ಟ್ ಮಾತ್ರೆ ಶುರು ಮಾಡುವ ಮೊದಲಿನದಾ, ಆಮೇಲಿನದಾ? ಮೊದಲಿನದಾದರೆ ಅದು ಈ ಮಾತ್ರೆಯದಲ್ಲ, ರೋಗದ್ದೇ ಇರಬೇಕು. ಎರಡು ರಿಪೋರ್ಟ್ ಇದ್ದರೆ ಎರಡನ್ನೂ ತಗೊಂಡು ನಾಳೆಯೇ ಡಾಕ್ಟರ್ ಹತ್ತಿರ ಹೋಗಿ ತೋರಿಸಿ.