ಡ್ರೋನ್ ಎಷ್ಟು ಹೊತ್ತೀತು, ಎಷ್ಟು ದೂರ ಹೋದೀತು?

ಪ್ರಶ್ನೆ: 2 ಕಿಲೋ ಹೊರುವ ಡ್ರೋನ್ 19 ನಿಮಿಷ ಹಾರುತ್ತದೆ ಎಂದರೆ 10 ಕಿ.ಮೀ. ದೂರಕ್ಕೆ ಪೊಟ್ಟಣ ಮುಟ್ಟಿಸಬಹುದಲ್ಲವೇ?

ಉತ್ತರ: ಅದರ ಅರ್ಧವೂ ಕಷ್ಟ. ಮಲ್ಟಿರೋಟರ್ (ಹಲವು ಪ್ರೊಪೆಲ್ಲರ್‌ಗಳ) ಡ್ರೋನ್ ಗಾಳಿಯಲ್ಲಿ ನಿಲ್ಲಲು ಕಿಲೋಗೆ ಸುಮಾರು 180 ವ್ಯಾಟ್ ಬೇಕು. ಚೌಕಟ್ಟು 4, ಬ್ಯಾಟರಿ 4, ಪೊಟ್ಟಣ 2, ಒಟ್ಟು 10 ಕಿಲೋ. ಅಂದರೆ 1,800 ವ್ಯಾಟ್. 44.4 ವೋಲ್ಟ್, 16 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 710 ವ್ಯಾಟ್-ಅವರ್, ಅಂದರೆ ಒಂದು ಗಂಟೆ ಕಾಲ 710 ವ್ಯಾಟ್ ಕೊಡುವಷ್ಟು ಶಕ್ತಿ ಇರುತ್ತದೆ. ಅದರಲ್ಲಿ ಐದನೇ ಒಂದು ಪಾಲನ್ನು ಮುಟ್ಟಬಾರದು, ಪೂರ್ತಿ ಹಿಂಡಿದರೆ ಸೆಲ್ ಉಬ್ಬುತ್ತದೆ. ಉಳಿದದ್ದಕ್ಕೆ ನಿಮ್ಮ 19 ನಿಮಿಷ ಸಿಗುತ್ತದೆ ನಿಜ. ಏರುವುದಕ್ಕೆ, ಇಳಿಸುವುದಕ್ಕೆ, ಎದುರುಗಾಳಿಗೆ ಎಂದು 6 ನಿಮಿಷ ಕಳೆಯಿರಿ. ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಉಳಿದ 13 ನಿಮಿಷಕ್ಕೆ 9 ಕಿ.ಮೀ. ಚಿಲ್ಲರೆ. ವಾಪಸ್ಸೂ ಬರಬೇಕಲ್ಲ! ಹಾಗಾಗಿ ಒಂದು ದಿಕ್ಕಿಗೆ ನಾಲ್ಕೂವರೆ. ಬರುವಾಗ ಭಾರ ಇರುವುದಿಲ್ಲವಲ್ಲ ಎನ್ನಬೇಡಿ. ಇಳಿಸಲಾಗದೆ ಪೊಟ್ಟಣ ಹಾಗೇ ಹಿಂದಿರುಗುವುದೂ ಉಂಟು.

ಪ್ರಶ್ನೆ: ಇನ್ನೊಂದು ಬ್ಯಾಟರಿ ಕಟ್ಟಿದರೆ?

ಉತ್ತರ: ತೂಕ 14 ಕಿಲೋ ಆಗುತ್ತದೆ. ಅದೇ ಪ್ರೊಪೆಲ್ಲರ್‌ಗಳಿದ್ದರೆ ವಿದ್ಯುತ್ ಖರ್ಚು ತೂಕಕ್ಕಿಂತ ಬೇಗ ಏರುತ್ತದೆ. ಇಲ್ಲಿ ತೂಕ 1.4 ಪಟ್ಟು, ಖರ್ಚು 1.66 ಪಟ್ಟಾಗುತ್ತದೆ. ಬ್ಯಾಟರಿ ದುಪ್ಪಟ್ಟು, ಹಾರಾಟ ಮಾತ್ರ ಐದನೇ ಒಂದು ಪಾಲು ಹೆಚ್ಚು. ಮೋಟರ್‌ಗಳ ಒಟ್ಟು ಎತ್ತುಬಲ ತೂಕದ ಎರಡರಷ್ಟು ಇಲ್ಲದಿದ್ದರೆ ಗಾಳಿಯ ಒಂದು ಹೊಡೆತಕ್ಕೆ ಹಿಡಿತ ತಪ್ಪೀತು. ದೂರವೇ ಮುಖ್ಯವಾದರೆ ವಿಮಾನದಂತೆ ರೆಕ್ಕೆಯುಳ್ಳ ಡ್ರೋನ್ ಲೇಸು. ರುವಾಂಡಾದಲ್ಲಿ ಜಿಪ್‌ಲೈನ್ ಕಂಪನಿ 2016ರಿಂದ ಆಸ್ಪತ್ರೆಗಳಿಗೆ ರಕ್ತ ಕಳಿಸುತ್ತಿರುವುದು ಅಂಥದ್ದರಲ್ಲೇ. ಅದು ಆಸ್ಪತ್ರೆಯಲ್ಲಿ ಇಳಿಯುವುದೇ ಇಲ್ಲ, ಪೊಟ್ಟಣವನ್ನು ಪ್ಯಾರಾಚೂಟ್‌ನಲ್ಲಿ ಬಿಟ್ಟು ಮರಳುತ್ತದೆ.

ಪ್ರಶ್ನೆ: ಹೋಗುವಾಗ ಎದುರುಗಾಳಿ, ಬರುವಾಗ ಹಿಂಗಾಳಿ. ಒಂದಕ್ಕೊಂದು ವಜಾ ಆಗುವುದಿಲ್ಲವೇ?

ಉತ್ತರ: ಇಲ್ಲ. ಡ್ರೋನ್ ವೇಗ ಸೆಕೆಂಡಿಗೆ 12 ಮೀಟರ್, ಗಾಳಿ 8 ಎಂದುಕೊಳ್ಳಿ. 4 ಕಿ.ಮೀ. ಹೋಗಲು 1,000 ಸೆಕೆಂಡು, ಬರಲು 200. ಒಟ್ಟು 20 ನಿಮಿಷ. ಗಾಳಿಯಿಲ್ಲದ ದಿನ 11 ನಿಮಿಷ ಸಾಕಿತ್ತು. ಹೊರಡುವ ಮುನ್ನ ನೆಲದ ಗಾಳಿಯಲ್ಲ, ಹಾರುವ ಎತ್ತರದ ಗಾಳಿ ನೋಡಿ.

ಪ್ರಶ್ನೆ: ಹಗ್ಗದಲ್ಲಿ ಇಳಿಸುವುದೋ, ಡ್ರೋನನ್ನೇ ಇಳಿಸುವುದೋ?

ಉತ್ತರ: ಹಗ್ಗವೇ ಸರಿ, ಪ್ರೊಪೆಲ್ಲರ್ ಜನರಿಂದ ದೂರ ಉಳಿಯುತ್ತದೆ. ಆದರೆ 6 ಮೀಟರ್ ಹಗ್ಗಕ್ಕೆ ಕಟ್ಟಿದ ಪೊಟ್ಟಣ ಸುಮಾರು 5 ಸೆಕೆಂಡಿಗೊಮ್ಮೆ ತೂಗಾಡುತ್ತದೆ, ಆ ತೂಗಾಟ ನಿಂತ ಮೇಲೆಯೇ ಹಗ್ಗ ಬಿಡಬೇಕು. ಕೊಂಬೆಗೆ ಸಿಕ್ಕರೆ ಹಗ್ಗ ಕತ್ತರಿಸುವ ವ್ಯವಸ್ಥೆ ಇರಲೇಬೇಕು. ಡ್ರೋನನ್ನೇ ಇಳಿಸುವುದಾದರೆ ನೇರ ಕೆಳಕ್ಕೆ ಬಿರುಸಾಗಿ ಬೇಡ: ತಾನೇ ಕೆಳಕ್ಕೆ ತಳ್ಳಿದ ಗಾಳಿಯ ಸುಳಿಗೆ ಸಿಕ್ಕಿ ಎತ್ತುಬಲ ಕಳೆದುಕೊಳ್ಳುತ್ತದೆ. ಆಗ ಥ್ರಾಟಲ್ (ಮೋಟರ್‌ಗಳ ವೇಗ) ಏರಿಸಿದರೆ ಪ್ರಯೋಜನವಿಲ್ಲ, ಪಕ್ಕಕ್ಕೆ ಸರಿಸಿ.