ಮಕ್ಕಳ ಜೊತೆ ಮೊದಲ ನಾಟಕ: ಯಾವುದಕ್ಕೆ ಹೋಗೋಣ?

ರಜೆ ಹತ್ತಿರ ಬಂದರೆ ನನಗೆ ಬರುವ ಪತ್ರಗಳಲ್ಲಿ ಅರ್ಧ ಇದೇ ವಿಷಯದ ಮೇಲೆ ಇರುತ್ತವೆ. ಮಕ್ಕಳನ್ನು ಯಾವ ಶೋಗೆ ಕರೆದುಕೊಂಡು ಹೋಗಲಿ, ಯಾವ ವಯಸ್ಸಿಗೆ ಯಾವುದು ಸರಿ, ಅತ್ತರೆ ಏನು ಮಾಡಲಿ? ಮಕ್ಕಳ ನಾಟಕಗಳ ಜೊತೆಗೇ ನನ್ನ ಹೆಚ್ಚಿನ ಆಯುಷ್ಯ ಕಳೆದಿದೆ. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ, ಮಗನಿಗೆ ಒಂಬತ್ತು. ಇಬ್ಬರೂ ಇನ್ನೂ ನಾಟಕ ನೋಡಿಲ್ಲ. ಈಗ ಒಂದು ದೊಡ್ಡ ಸಂಗೀತ ನಾಟಕ ಬಂದಿದೆ, ನೋಡಿದವರೆಲ್ಲ ಹೊಗಳುತ್ತಿದ್ದಾರೆ. ಎರಡೂವರೆ ಗಂಟೆ ಇದೆಯಂತೆ. ಅದೇ ವಾರ ಒಂದು ಚಿಕ್ಕ ಬೊಂಬೆಯಾಟವೂ ಇದೆ, ಬರೀ 45 ನಿಮಿಷ. ದುಡ್ಡು ಕೊಟ್ಟು ಹೋಗೋದಾದರೆ ದೊಡ್ಡದಕ್ಕೇ ಹೋಗೋಣ ಅಂತಾರೆ ನಮ್ಮ ಯಜಮಾನರು. ಏನು ಮಾಡಲಿ ಮೇಡಂ?

ಬೊಂಬೆಯಾಟಕ್ಕೆ ಹೋಗಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಯಜಮಾನರಿಗೂ ಓದಲು ಕೊಡಿ.

ಮೊದಲನೆಯದು ಸಮಯ. ನಾಲ್ಕು ವರ್ಷದ ಮಗುವಿಗೆ ಮುಕ್ಕಾಲು ಗಂಟೆ ಒಂದೇ ಕಡೆ ಕೂರುವುದೇ ದೊಡ್ಡ ಕೆಲಸ. ಎರಡೂವರೆ ಗಂಟೆಯ ನಾಟಕ ಅಂದರೆ ಸಾಮಾನ್ಯವಾಗಿ ಮಧ್ಯದಲ್ಲಿ ಒಂದು ಇಂಟರ್ವಲ್ ಇರುತ್ತದೆ. ಮೊದಲ ಅರ್ಧವೇ ಒಂದು ಗಂಟೆಗಿಂತ ಜಾಸ್ತಿ. ಇಂಟರ್ವಲ್‌ನಲ್ಲಿ ಮಗು ‘ಮುಗೀತಾ? ಮನೆಗೆ ಹೋಗೋಣ’ ಅನ್ನುತ್ತದೆ. ಮತ್ತೆ ಒಳಗೆ ಕರೆದುಕೊಂಡು ಹೋಗುವಾಗ ಅದಕ್ಕೂ ಬೇಜಾರು, ನಿಮಗೂ ಬೇಜಾರು. ದುಬಾರಿ ಟಿಕೆಟ್ ತೆಗೆದುಕೊಂಡಿದ್ದೀವಲ್ಲ ಅನ್ನುವ ಒಂದೇ ಕಾರಣಕ್ಕೆ ಮಗುವನ್ನು ಗದರಿಸಿ ಕೂರಿಸುವ ಅಪ್ಪ ಅಮ್ಮಂದಿರನ್ನು ನಾನು ಬಹಳ ನೋಡಿದ್ದೇನೆ. ಆ ಮಗುವಿಗೆ ಕೊನೆಗೆ ನೆನಪಿರೋದು ನಾಟಕ ಅಲ್ಲ, ಗದರಿದ್ದು.

ಎರಡನೆಯದು ದೂರ. ಇದನ್ನು ದೊಡ್ಡವರು ಯೋಚಿಸುವುದೇ ಇಲ್ಲ. ಸಾವಿರ ಸೀಟಿನ ಸಭಾಂಗಣದಲ್ಲಿ ಹಿಂದೆ ಕೂತರೆ ನಟರ ಮುಖ ಹೆಬ್ಬೆರಳ ಉಗುರಿನಷ್ಟೂ ಕಾಣುವುದಿಲ್ಲ. ನಮಗೆ ಕಥೆ ಗೊತ್ತು, ಹಾಡು ಗೊತ್ತು, ಉಳಿದದ್ದನ್ನು ಮನಸ್ಸಲ್ಲೇ ತುಂಬಿಕೊಳ್ಳುತ್ತೇವೆ. ಮಗು ಕಥೆಯನ್ನು ಹಿಡಿಯುವುದು ಮುಖದಿಂದ. ಅಳುತ್ತಿದ್ದಾನಾ, ನಗುತ್ತಿದ್ದಾನಾ, ಸುಳ್ಳು ಹೇಳುತ್ತಿದ್ದಾನಾ? ಅದು ಕಾಣದಿದ್ದರೆ ಕಥೆಯ ಎಳೆ ತಪ್ಪಿತು ಅಂತಲೇ ಅರ್ಥ. ಚಿಕ್ಕ ಬೊಂಬೆಯಾಟದಲ್ಲಿ ಬೊಂಬೆ ನಿಮ್ಮ ಮಗಳಿಂದ ನಾಲ್ಕೈದು ಮೀಟರ್ ದೂರದಲ್ಲಿ ಇರುತ್ತದೆ. ಅದು ತಲೆ ತಿರುಗಿಸಿದರೆ ಇವಳೂ ತಿರುಗಿಸುತ್ತಾಳೆ.

‘ಬೊಂಬೆ ಆಡಿಸುವವರು ಕಾಣಿಸಿದರೆ ಮಗುವಿಗೆ ಮಜಾ ಹೋಗಲ್ವಾ?’ ಅಂತ ಕೆಲವರು ಕೇಳುತ್ತಾರೆ. ಹೋಗುವುದಿಲ್ಲ. ಜಪಾನಿನ ಬುನ್ರಾಕು ಬೊಂಬೆಯಾಟದಲ್ಲಿ ಒಂದು ದೊಡ್ಡ ಬೊಂಬೆಯನ್ನು ಮೂವರು ಆಡಿಸುತ್ತಾರೆ, ಅದೂ ಎಲ್ಲರ ಕಣ್ಣೆದುರೇ. ಸ್ವಲ್ಪ ಹೊತ್ತಿಗೆ ಆ ಮೂವರು ಇರುವುದೇ ಮರೆತುಹೋಗುತ್ತದೆ. ಮಕ್ಕಳು ನಮಗಿಂತ ಬೇಗ ಮರೆಯುತ್ತಾರೆ. ಮನೆಯಲ್ಲಿ ಚಮಚವನ್ನೇ ರಾಜ ಅಂತ ಆಡುವವರು ಅವರು.

ಇನ್ನು ನಿಮ್ಮ ಮಗನ ವಿಷಯ. ಒಂಬತ್ತು ವರ್ಷದವನಿಗೆ ಬೊಂಬೆಯಾಟ ‘ಪುಟಾಣಿಗಳದ್ದು’ ಅನ್ನಿಸಬಹುದು. ಅವನಿಗೆ ಒಂದು ಕೆಲಸ ಕೊಡಿ: ಬೊಂಬೆಯ ಕೈ ಹೇಗೆ ಆಡುತ್ತದೆ, ಧ್ವನಿ ಎಲ್ಲಿಂದ ಬರುತ್ತದೆ ಅಂತ ಪತ್ತೆ ಮಾಡಲಿ. ದೊಡ್ಡ ಸಂಗೀತ ನಾಟಕಕ್ಕೆ ಅವನನ್ನು ಒಬ್ಬನನ್ನೇ, ಅಪ್ಪನ ಜೊತೆ ಕಳಿಸಿ. ಇಬ್ಬರು ಮಕ್ಕಳಿಗೆ ಒಂದೇ ಶೋ ಆಗಲೇಬೇಕು ಅಂತ ಏನಿಲ್ಲ. ಒಬ್ಬನೇ ಅಪ್ಪನ ಪಕ್ಕ ಕೂತು ದೊಡ್ಡ ನಾಟಕ ನೋಡಿದ್ದು ಅವನಿಗೆ ಬಹಳ ದಿನ ನೆನಪಿರುತ್ತದೆ.

ಬುಕ್ ಮಾಡುವ ಮೊದಲು ತಂಡಕ್ಕೆ ಫೋನ್ ಮಾಡಿ ಎರಡು ವಿಷಯ ಕೇಳಿ. ಇಂಟರ್ವಲ್ ಸೇರಿಸಿ ಒಟ್ಟು ಎಷ್ಟು ಹೊತ್ತು? ಇದನ್ನು ಯಾವ ವಯಸ್ಸಿನವರನ್ನು ಮನಸ್ಸಲ್ಲಿಟ್ಟು ಮಾಡಿದ್ದೀರಿ? ‘ಎಲ್ಲ ವಯಸ್ಸಿನವರಿಗೂ’ ಅಂದರೆ ಇನ್ನೊಂದು ಸಲ ಕೇಳಿ. ಒಳ್ಳೆಯ ತಂಡಕ್ಕೆ ತಾನು ಯಾರಿಗಾಗಿ ಆಡುತ್ತಿದ್ದೇನೆ ಅನ್ನುವುದು ಗೊತ್ತಿರುತ್ತದೆ. ‘ಮೂರರಿಂದ ಆರು ವರ್ಷ’ ಅಂತ ಸ್ಪಷ್ಟವಾಗಿ ಹೇಳುವ ತಂಡವನ್ನು ನಾನು ಹೆಚ್ಚು ನಂಬುತ್ತೇನೆ.

ಪ್ರಶ್ನೆ: ಹೋದ ವರ್ಷ ಐದು ವರ್ಷದ ಮಗಳನ್ನು ಒಂದು ನಾಟಕಕ್ಕೆ ಕರೆದುಕೊಂಡು ಹೋಗಿದ್ದೆ. ಲೈಟ್ ಆರಿದ ತಕ್ಷಣ ಜೋರಾಗಿ ಅಳೋಕೆ ಶುರು ಮಾಡಿದಳು. ಹತ್ತೇ ನಿಮಿಷಕ್ಕೆ ಹೊರಗೆ ಬಂದುಬಿಟ್ಟೆವು. ಈಗ ಆರು ವರ್ಷ. ಇನ್ನೊಂದು ಸಲ ಪ್ರಯತ್ನ ಮಾಡಬಹುದಾ?

ಖಂಡಿತ ಮಾಡಬಹುದು. ಅವತ್ತು ನೀವು ಹೊರಗೆ ಬಂದದ್ದು ಬಹಳ ಒಳ್ಳೆಯದಾಯಿತು. ಅಳುತ್ತಿರುವ ಮಗುವನ್ನು ಕತ್ತಲಲ್ಲಿ ಹಿಡಿದು ಕೂರಿಸಿದ್ದರೆ ಈ ಪ್ರಶ್ನೆ ಕೇಳುವ ಸ್ಥಿತಿಯೇ ಇರುತ್ತಿರಲಿಲ್ಲ.

ಅವಳು ಹೆದರಿದ್ದು ನಾಟಕಕ್ಕಲ್ಲ, ಕತ್ತಲಿಗೆ. ಸುತ್ತ ಗೊತ್ತಿಲ್ಲದ ಜನ. ಏನೂ ಹೇಳದೆ ಲೈಟ್ ಆರಿಸುತ್ತಾರೆ. ಆಮೇಲೆ ಎಲ್ಲಿಂದಲೋ ಜೋರು ಶಬ್ದ. ಮಗುವಿನ ಜಾಗದಲ್ಲಿ ಕೂತು ನೋಡಿದರೆ ಅದು ನಿಜಕ್ಕೂ ಗಾಬರಿ ಆಗುವಂಥದ್ದೇ. ಹಾಗಾಗಿ ಈ ಸಲ ಕತ್ತಲೇ ಇಲ್ಲದ ಪ್ರದರ್ಶನ ಹುಡುಕಿ. ಹಗಲಲ್ಲಿ, ಬಯಲಲ್ಲಿ, ಉದ್ಯಾನದಲ್ಲಿ ಆಡುವ ನಾಟಕಗಳಿರುತ್ತವೆ. ಸರ್ಕಸ್ ತರಹದ ಆಟಗಳಲ್ಲೂ ಪ್ರೇಕ್ಷಕರ ಕಡೆ ಸ್ವಲ್ಪ ಬೆಳಕು ಉಳಿದಿರುತ್ತದೆ.

ಕೆಲವು ಕಡೆ ‘ರಿಲ್ಯಾಕ್ಸ್ಡ್’ ಪ್ರದರ್ಶನ ಅಂತ ಮಾಡುತ್ತಾರೆ. ಸಭಾಂಗಣದ ಲೈಟ್ ಪೂರ್ತಿ ಆರಿಸುವುದಿಲ್ಲ. ಧ್ವನಿ ಕಡಿಮೆ ಇಡುತ್ತಾರೆ. ಮಧ್ಯದಲ್ಲಿ ಎದ್ದು ಓಡಾಡಿದರೂ ಯಾರೂ ತಿರುಗಿ ನೋಡುವುದಿಲ್ಲ. ಸುಸ್ತಾದವರಿಗೆ ಹೊರಗೆ ಒಂದು ಶಾಂತವಾದ ಜಾಗವೂ ಇರುತ್ತದೆ. ಇಂಥ ಪ್ರದರ್ಶನಗಳು ಹೆಚ್ಚಾಗಿ ಶುರುವಾದದ್ದು ಆಟಿಸಂ ಇರುವ ಮಕ್ಕಳಿಗಾಗಿ. ದೊಡ್ಡ ನಾಟಕಶಾಲೆಗಳಿರುವ ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿ 2011ರಲ್ಲಿ ‘ದಿ ಲಯನ್ ಕಿಂಗ್’ ತಂಡ ಹೀಗೆ ಒಂದು ದಿನ ಆಡಿತು. ಅಲ್ಲಿನ ಮಟ್ಟಿಗೆ ಅದೇ ಮೊದಲು. ನನ್ನ ಅನುಭವದಲ್ಲಿ ಮೊದಲ ಸಲ ಬರುವ ಯಾವ ಮಗುವಿಗೂ ಇದು ಒಗ್ಗುತ್ತದೆ. ಹತ್ತಿರದಲ್ಲಿ ಎಲ್ಲಾದರೂ ಇದ್ದರೆ ಬಿಡಬೇಡಿ.

ಮನೆಯಲ್ಲೂ ಸ್ವಲ್ಪ ತಯಾರಿ ಮಾಡಿ. ಸೋಫಾ ಮೇಲೆ ಕೂತು, ‘ಈಗ ಲೈಟ್ ಆರುತ್ತೆ, ಹತ್ತು ಎಣಿಸೋಣ, ಆಮೇಲೆ ಅಲ್ಲಿ ಬೆಳಕು ಬರುತ್ತೆ’ ಅಂತ ಆಟ ಆಡಿ. ಲೈಟ್ ಆರಿಸುವ ಕೆಲಸವನ್ನು ಅವಳಿಗೇ ಕೊಡಿ. ಶೋ ದಿನ ದಾರಿಯ ಪಕ್ಕದ ಸೀಟು ತೆಗೆದುಕೊಳ್ಳಿ. ‘ಬೇಡ ಅನ್ನಿಸಿದರೆ ನನ್ನ ಕೈ ಎರಡು ಸಲ ಒತ್ತು, ತಕ್ಷಣ ಹೊರಗೆ ಹೋಗೋಣ’ ಅಂತ ಮೊದಲೇ ಹೇಳಿ. ಅವಳು ಒತ್ತಿದರೆ ನಿಜವಾಗಿಯೂ ಎದ್ದುಬಿಡಿ. ಹೋಗಬಹುದು ಅಂತ ಗೊತ್ತಿರುವ ಮಗು ಸಾಮಾನ್ಯವಾಗಿ ಕೂತೇ ಇರುತ್ತದೆ.

ಪ್ರಶ್ನೆ: ಮೊಮ್ಮಗಳಿಗೆ ನಾಟಕದ ಕಥೆ ಮೊದಲೇ ಹೇಳಬಹುದಾ? ಹೇಳಿದರೆ ಕುತೂಹಲ ಹಾಳಾಗಲ್ವಾ?

ಹೇಳಿ ಅಜ್ಜಾ, ಧಾರಾಳವಾಗಿ ಹೇಳಿ. ಒಂದೇ ಕಥೆಯನ್ನು ಮಕ್ಕಳು ನಿಮ್ಮ ಹತ್ತಿರ ಎಷ್ಟು ಸಲ ಹೇಳಿಸಿಕೊಂಡಿಲ್ಲ? ಮುಂದೇನಾಗುತ್ತದೆ ಅಂತ ಗೊತ್ತಿದ್ದರೆ ಅವರಿಗೆ ಧೈರ್ಯ, ಗೊತ್ತಿದ್ದದ್ದು ಕಣ್ಣೆದುರು ನಡೆದಾಗ ಹೆಮ್ಮೆ. ರಾಕ್ಷಸನೋ ತೋಳವೋ ಬರುವ ಜಾಗವನ್ನಂತೂ ಹೇಳಲೇಬೇಕು. ತಮಾಷೆಯ ಒಂದು ಜಾಗ ಮಾತ್ರ ಹೇಳದೆ ಬಿಡಿ.

ಪ್ರಶ್ನೆ: ಎಲ್ಲಿ ಕೂರೋದು ಒಳ್ಳೆಯದು? ಮುಂದಿನ ಸಾಲೇ ಬೇಕು ಅಂತ ಮಗ ಹಟ ಮಾಡ್ತಾನೆ.

ಮುಂದಿನ ಸಾಲು ಯಾವಾಗಲೂ ಒಳ್ಳೆಯದಲ್ಲ. ಬಹಳ ಸಭಾಂಗಣಗಳಲ್ಲಿ ಸ್ಟೇಜ್ ನೆಲದಿಂದ ಸುಮಾರು ಒಂದು ಮೀಟರ್ ಎತ್ತರ ಇರುತ್ತದೆ. ಚಿಕ್ಕ ಮಗು ಮೊದಲ ಸಾಲಲ್ಲಿ ಕೂತರೆ ಅದರ ಕಣ್ಣು ಸ್ಟೇಜಿನ ಅಂಚಿನ ಮಟ್ಟಕ್ಕೇ ಬರುತ್ತದೆ. ನಟರ ಕಾಲು ಕಾಣುವುದಿಲ್ಲ, ನೆಲದ ಮೇಲೆ ಕೂತ ಪಾತ್ರವೂ ಸರಿಯಾಗಿ ಕಾಣುವುದಿಲ್ಲ. ಸ್ಪೀಕರ್‌ಗಳೂ ಅಲ್ಲೇ ಹತ್ತಿರ. ನಾಲ್ಕನೆಯ ಸಾಲಿನಿಂದ ಎಂಟನೆಯ ಸಾಲಿನ ಒಳಗೆ, ಮಧ್ಯದ ಓಡಾಡುವ ದಾರಿಯ ಪಕ್ಕ ಕೂತರೆ ಚೆನ್ನ. ಮುಂದೆ ಯಾರೇ ಎತ್ತರದವರು ಬಂದರೂ ದಾರಿಯ ಕಡೆ ವಾಲಿ ನೋಡಬಹುದು. ಬಾಲ್ಕನಿಯ ಮೊದಲ ಸಾಲಲ್ಲಿ ಕಂಬಿ ಮಗುವಿನ ಕಣ್ಣಿಗೆ ಅಡ್ಡ ಬರುತ್ತದೆ. ಜೊತೆಗೆ ಮಗು ಆ ಕಂಬಿ ಹತ್ತಿಬಿಡುತ್ತದೇನೋ ಅನ್ನುವ ಭಯದಲ್ಲಿ ನೀವು ನಾಟಕ ನೋಡೋಕಾಗಲ್ಲ. ಕೂತ ಎತ್ತರ ಸಾಲದಿದ್ದರೆ ಬೂಸ್ಟರ್ ಕುಶನ್ ಇದೆಯಾ ಅಂತ ಬಾಗಿಲಲ್ಲೇ ಕೇಳಿ.

ಕೂತ ಮೇಲೆ ಹೊರಗೆ ಹೋಗುವ ಬಾಗಿಲು ಯಾವ ಕಡೆ ಇದೆ ಅಂತ ಮಕ್ಕಳಿಗೂ ತೋರಿಸಿ. 1883ರಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಊರಿನ ವಿಕ್ಟೋರಿಯಾ ಹಾಲ್‌ನಲ್ಲಿ ಮಕ್ಕಳ ಶೋ ಮುಗಿದಾಗ ಕೆಳಗೆ ಉಡುಗೊರೆ ಹಂಚುತ್ತಿದ್ದರು. ಮೇಲಿದ್ದ ಮಕ್ಕಳು ಮೆಟ್ಟಿಲಿಳಿದು ಓಡಿದರು. ಕೆಳಗಿನ ಬಾಗಿಲು ಒಬ್ಬರು ನುಗ್ಗುವಷ್ಟು ಮಾತ್ರ ತೆರೆದಿತ್ತು. ಆ ನೂಕುನುಗ್ಗಲಲ್ಲಿ 183 ಮಕ್ಕಳು ಸತ್ತರು. ಈ ಸಂಖ್ಯೆ ಬರೆಯುವಾಗ ಈಗಲೂ ನನ್ನ ಕೈ ನಿಲ್ಲುತ್ತದೆ. ಜನ ಸೇರುವ ಕಟ್ಟಡಗಳ ಬಾಗಿಲು ಹೊರಕ್ಕೆ ತೆರೆಯಬೇಕು, ದೂಡಿದರೆ ಸಾಕು ತೆರೆಯಬೇಕು ಅನ್ನುವ ಪದ್ಧತಿ ಬೆಳೆದದ್ದರ ಹಿಂದೆ ಇಂಥ ನೋವುಗಳಿವೆ. ಶೋ ಮುಗಿದ ಮೇಲೆ ಅವಸರ ಬೇಡ. ಜನ ಖಾಲಿಯಾಗಲಿ, ಆಮೇಲೆ ಏಳಿ.

ಪ್ರಶ್ನೆ: ಮಗನಿಗೆ ಫಿಟ್ಸ್ ಬರುತ್ತಿತ್ತು, ಈಗ ಔಷಧಿಯಲ್ಲಿ ಹತೋಟಿಯಲ್ಲಿದೆ. ಜೋರು ಶಬ್ದ, ಮಿನುಗುವ ಲೈಟ್ ಇರುವ ಶೋಗೆ ಹೋಗಬಹುದಾ?

ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಫಿಟ್ಸ್ ಇರುವ ಎಲ್ಲರಿಗೂ ಬೆಳಕಿನಿಂದ ತೊಂದರೆ ಆಗುವುದಿಲ್ಲ. ಫಿಟ್ಸ್ ಇರುವವರಲ್ಲಿ ಮಿನುಗುವ ಬೆಳಕಿಗೆ ಫಿಟ್ಸ್ ಬರುವವರು ನೂರಕ್ಕೆ ಸುಮಾರು ಮೂರು ಜನ. ಆದರೆ ಮಕ್ಕಳಲ್ಲಿ, ಹರೆಯದವರಲ್ಲಿ ಇದು ದೊಡ್ಡವರಿಗಿಂತ ಜಾಸ್ತಿ. ಸೆಕೆಂಡಿಗೆ 3ರಿಂದ 30 ಸಲ ಮಿನುಗುವ ಬೆಳಕು ಹೆಚ್ಚು ಅಪಾಯ. ನಿಮ್ಮ ಮಗನಿಗೆ ಆ ತೊಂದರೆ ಇದೆಯೋ ಇಲ್ಲವೋ ಅಂತ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ) ಪರೀಕ್ಷೆ ನೋಡಿ ಡಾಕ್ಟರ್ ಹೇಳುತ್ತಾರೆ. ಇದ್ದರೆ, ‘ಸ್ಟ್ರೋಬ್ ಲೈಟ್ ಬಳಸುತ್ತೀರಾ? ಯಾವ ದೃಶ್ಯದಲ್ಲಿ?’ ಅಂತ ತಂಡವನ್ನು ನೇರವಾಗಿ ಕೇಳಿ. ಅವರು ಉತ್ತರ ಕೊಡಲೇಬೇಕು. ಹೊಗೆ ಬಿಡುತ್ತಾರಾ ಅಂತಲೂ ಕೇಳಿ, ಅಸ್ತಮಾ ಇರುವ ಮಕ್ಕಳಿಗೆ ಫಾಗ್ ಮಷಿನ್ ಹೊಗೆಯಿಂದ ಕೆಮ್ಮು ಬರಬಹುದು.

ಶಬ್ದದ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. ಹೆಡ್‌ಫೋನ್‌ನಂಥ ಉಪಕರಣಗಳಲ್ಲಿ ಕೇಳುವ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 40 ಗಂಟೆ, 75 ಡೆಸಿಬಲ್ (ಶಬ್ದದ ಜೋರು ಅಳೆಯುವ ಮಾನ) ಅಂತ ಮಿತಿ ಹಾಕಿದೆ. ಪ್ರತಿ 3 ಡೆಸಿಬಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. ಅದೇ ಲೆಕ್ಕದಲ್ಲಿ 90 ಡೆಸಿಬಲ್ ಇದ್ದರೆ ಒಂದೂಕಾಲು ಗಂಟೆಗೆ ವಾರದ ಪಾಲು ಮುಗಿದುಹೋಯಿತು. ಜೋರು ಸಂಗೀತದ ಶೋಗಳಲ್ಲಿ 90 ದಾಟುವುದು ಅಪರೂಪವಲ್ಲ. ಕಿವಿ ಮುಚ್ಚುವ ಮಕ್ಕಳ ಇಯರ್ ಮಫ್ ಒಂದು ಜೊತೆ ಬ್ಯಾಗಲ್ಲಿ ಇರಲಿ.

ಪ್ರಶ್ನೆ: ಮೂರು ವರ್ಷದ ಮಗಳು ಸಿನಿಮಾ ನೋಡುವಾಗ ಸುಮ್ನೆ ಇರಲ್ಲ, ಮಾತಾಡ್ತಾನೇ ಇರ್ತಾಳೆ. ನಾಟಕದಲ್ಲಿ ನಟರಿಗೆ ತೊಂದರೆ ಆಗಲ್ವಾ?

ಮಕ್ಕಳ ನಾಟಕದಲ್ಲಿ ಆಗುವುದಿಲ್ಲ. ಮಕ್ಕಳು ಪೂರ್ತಿ ಮೌನವಾಗಿದ್ದರೆ ನಮಗೆ ಒಳಗೊಳಗೇ ಚಿಂತೆ ಶುರುವಾಗುತ್ತದೆ. ‘ಹಿಂದೆ ಇದ್ದಾನೆ ನೋಡು!’ ಅಂತ ಕೂಗುವ ಮಗು ನಾಟಕದ ಒಳಗೆ ಬಂದಾಯಿತು ಅಂತಲೇ ಅರ್ಥ. 1904ರಲ್ಲಿ ಲಂಡನ್‌ನಲ್ಲಿ ‘ಪೀಟರ್ ಪ್ಯಾನ್’ ಮೊದಲ ಸಲ ರಂಗಕ್ಕೆ ಬಂತು. ಅದರಲ್ಲಿ ಸಾಯುತ್ತಿರುವ ಪುಟ್ಟ ಯಕ್ಷಿಣಿಯನ್ನು ಉಳಿಸಲು ಪ್ರೇಕ್ಷಕರು ಚಪ್ಪಾಳೆ ತಟ್ಟಬೇಕು. ನಾಟಕ ನಿಂತಿರುವುದೇ ಆ ಚಪ್ಪಾಳೆಯ ಮೇಲೆ. ಮಕ್ಕಳ ದನಿಗೆ ಜಾಗ ಬಿಟ್ಟು ಕಟ್ಟಿದ ನಾಟಕಗಳು ಇಂದಿಗೂ ಬೇಕಾದಷ್ಟು ಇವೆ. ಅಂಥದ್ದನ್ನೇ ಆರಿಸಿ. ಗಂಭೀರವಾದ, ಮೌನ ಬೇಕಾದ ನಾಟಕಗಳಿಗೆ ಇನ್ನೂ ಮೂರ್ನಾಲ್ಕು ವರ್ಷ ಕಾಯಿರಿ. ಮೊಬೈಲ್ ಮಾತ್ರ ನೀವು ತೆಗೆಯಬೇಡಿ, ಆ ಪರದೆಯ ಬೆಳಕು ಸ್ಟೇಜಿನಿಂದ ಎದ್ದು ಕಾಣುತ್ತದೆ.

ಪ್ರಶ್ನೆ: ಹನ್ನೊಂದು ವರ್ಷದ ಮಗ ‘ನಾಟಕ ಎಲ್ಲ ಬೋರ್’ ಅಂತಾನೆ. ಎಳೆದುಕೊಂಡು ಹೋಗಬೇಕಾ?

ಬೇಡ. ಅವನ ಕೈಗೆ ಆಯ್ಕೆ ಕೊಡಿ. ಮೂರು ಶೋಗಳ ವಿವರ ಮುಂದಿಡಿ: ಒಂದು ಮ್ಯಾಜಿಕ್ ಅಥವಾ ಕಸರತ್ತಿನದು, ಒಂದು ಹಾಸ್ಯ, ಇನ್ನೊಂದು ಸ್ವಲ್ಪ ಭಯದ ಕಥೆ. ಈ ವಯಸ್ಸಿನವರಿಗೆ ಹಿತವಾದ ಭಯ ಬಹಳ ಇಷ್ಟ. ಗೆಳೆಯನೊಬ್ಬನನ್ನೂ ಕರೆದುಕೊಂಡು ಬರಲಿ. ಅಪ್ಪ ಅಮ್ಮನ ಮಧ್ಯೆ ಕೂತು ನಗುವುದಕ್ಕಿಂತ ಗೆಳೆಯನ ಪಕ್ಕ ನಗುವುದು ಸುಲಭ ಅಲ್ವಾ?

ಮಕ್ಕಳ ರಂಗಭೂಮಿಗಾಗಿ 1965ರಲ್ಲಿ ಶುರುವಾದ ಅಸಿಟೆಜ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ ಇದೆ. ಅದು ಪ್ರತಿ ಮಾರ್ಚ್ 20ನ್ನು ಮಕ್ಕಳ ಮತ್ತು ಯುವಜನರ ರಂಗಭೂಮಿ ದಿನವಾಗಿ ಆಚರಿಸುತ್ತದೆ. ಆ ದಿನದ ಆಸುಪಾಸು ಅವನ ವಯಸ್ಸಿನವರಿಗೇ ಮಾಡಿದ ಶೋ ಇದೆಯಾ ಅಂತ ಹುಡುಕಿ ನೋಡಿ.

ಇನ್ನೊಂದು ಉಪಾಯ ಇದೆ, ನನ್ನ ಕಣ್ಣೆದುರು ಬಹಳ ಸಲ ಕೆಲಸ ಮಾಡಿದೆ. ಲೈಟ್ ಮತ್ತು ಸೌಂಡ್ ನಡೆಸುವವರು ಸಾಮಾನ್ಯವಾಗಿ ಸಭಾಂಗಣದ ಹಿಂದೆ ಕೂತಿರುತ್ತಾರೆ. ಅವರ ಮುಂದಿನ ಸಾಲಲ್ಲಿ ಸೀಟು ತೆಗೆದುಕೊಳ್ಳಿ. ಗುಡುಗು ಬರುವ ಸೆಕೆಂಡಿಗೆ ಯಾವ ಬೆರಳು ಯಾವ ಗುಂಡಿ ಒತ್ತುತ್ತದೆ ಅಂತ ಅವನು ತಿರುಗಿ ತಿರುಗಿ ನೋಡುತ್ತಾನೆ. ನೋಡಲಿ ಬಿಡಿ. ಶೋ ಮುಗಿದ ಮೇಲೆ ಅವರ ಹತ್ತಿರ ಕರೆದುಕೊಂಡು ಹೋಗಿ, ಅವನ ಪ್ರಶ್ನೆಗಳನ್ನು ಅವನೇ ಕೇಳಲಿ.